ನಾಲ್ಕು ಬೆರಳು

ಏರಿಸಿಕೊಡು ಅಂದವರೇ ಎಲ್ಲ, ಇಷ್ಟು ವರ್ಷ.
ಚಿರೇಕಲ್ಲಿನವರು, ರೇತಿಯವರು,
ಬೈತಖೋಲದ ಧಕ್ಕೆಯಲ್ಲಿ ಬಂಗಡೆ ಹೇರಿಕೊಂಡು
ರಾತ್ರೋರಾತ್ರಿ ಘಟ್ಟ ಹತ್ತುವವರು:
ಇನ್ನೊಂದು ಬ್ಲೇಡು ಹಾಕು ಮಾರಾಯ, ಹಿಂದೆ ಕೂರ್ತದೆ.
ಹಾಕಿದೆ.
ಕೋಡಿಬಾಗದ ಈ ಶೆಡ್ಡಿನಲ್ಲಿ
ನಾನು ಎತ್ತಿ ನಿಲ್ಲಿಸಿದ ಬೆನ್ನುಗಳ ಲೆಕ್ಕ ಇಟ್ಟಿಲ್ಲ.

ಇಳಿಸಿಕೊಡು ಅಂತ ಬಂದವಳು ಒಬ್ಬಳೇ,
ಚಂದ್ರಭಾಗಿ ತಾಂಡೇಲ.
ಐಸ್ ಫ್ಯಾಕ್ಟರಿಯವರು ಮಾರಿದ ಹಳೇ ಟೂ ನಾಟ್ ಸೆವೆನ್,
ಬಣ್ಣ ಉಳಿದಲ್ಲಿ ನೀಲಿ, ಉಳಿಯದಲ್ಲಿ ತುಕ್ಕು.
ನಲವತ್ತಾರಕ್ಕೆ ಸ್ಟಿಯರಿಂಗ್ ಹಿಡಿದು ಕಲಿತವಳು,
ಈಗ ದಿನಾ ಕದ್ರಾ, ಮಲ್ಲಾಪುರ,
ಕಾಳಿನದಿಯ ಗುಂಟ ಹಾರ್ನು ಹೊಡೆಯುತ್ತ.

ನಾನು ನಕ್ಕೆ.
ಇಳಿಸುವುದು ಹುಡುಗರ ಶೋಕಿ.
ಗೋವೆಯ ಕಡೆಯಿಂದ ಬರುತ್ತಾರಲ್ಲ ಕೆಲವರು,
ಕಾರಿನ ಹೊಟ್ಟೆ ನೆಲಕ್ಕೆ ತಾಗಿಸಿ
ಕೆಳಗೆ ನೀಲಿ ದೀಪ ಹಚ್ಚಿಕೊಂಡು
ಬೀಚ್ ರಸ್ತೆಯಲ್ಲಿ ತೆವಳುವವರು.
ನಿಂಗೂ ದೀಪ ಬೇಕಾ ಬಾಯಿ?

ಅವಳು ನಗಲಿಲ್ಲ.
ಹಿಂದಿನ ಫಾಳಕ ಬಿಚ್ಚಿ
ಖಾಲಿ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಎತ್ತಿದಳು.
ಸೊಂಟ ದಾಟಿತು. ನಿಂತಿತು.
ಅಲ್ಲಿಂದ ಮೇಲಕ್ಕೆ ಅವಳ ಬಲಭುಜ
ಇನ್ಯಾರದೋ ಭುಜ.
ಬುಟ್ಟಿಯ ತಳಕ್ಕೂ ಹಲಗೆಯ ಅಂಚಿಗೂ ನಡುವೆ
ಬರೀ ಗಾಳಿ, ನಾಲ್ಕು ಬೆರಳು.
'ಇಷ್ಟೇ' ಅಂದಳು. 'ಇಷ್ಟಕ್ಕಾಗಿ ದಿನಾ ಬೆಳಿಗ್ಗೆ
ಯಾರನ್ನಾದರೂ ಅಣ್ಣಾ ಅನ್ನಬೇಕು.'

ಜಾಕಿ ಕೊಟ್ಟು, ಹಲಸಿನ ದಿಮ್ಮಿ ಇಟ್ಟು
ಮಿಂಗೆಲ್ ಅಡಿಗೆ ತೂರಿದ, ಹಿಂದೆ ನಾನು.
ಇಪ್ಪತ್ತಾರು ವರ್ಷ ಐಸು ಕರಗಿ,
ಉಪ್ಪು ಕರಗಿ, ಮೀನಿನ ರಕ್ತ
ಸೋರಿ ಸೋರಿ
ಯು-ಬೋಲ್ಟಿನ ನಟ್ಟಿಗೆ ಮೂಲೆಗಳೇ ಇರಲಿಲ್ಲ.
ಡೀಸೆಲ್ ಕುಡಿಸಿದೆವು. ಸುತ್ತಿಗೆಯಲ್ಲಿ ಮಾತಾಡಿಸಿದೆವು.
ಕೊನೆಗೆ ಗ್ಯಾಸ್ ಕಟರು.
ಕಿಡಿ ಹಾರಿದ್ದೇ
ಸುಟ್ಟ ಮೀನಿನ ವಾಸನೆ ಬಂತು, ಕಬ್ಬಿಣದೊಳಗಿಂದ.
ಮಿಂಗೆಲ್ ಹೇಳಿದ, ಮೇಸ್ತ್ರಿ, ಊಟದ ಹೊತ್ತಾಯ್ತು.

ಹತ್ತು ಬ್ಲೇಡು.
ಒಂದಕ್ಕಿಂತ ಒಂದು ಗಿಡ್ಡ,
ಪ್ರಾರ್ಥನೆಗೆ ಸಾಲು ನಿಂತ ಶಾಲೆ ಮಕ್ಕಳ ಹಾಗೆ.
ವೈರ್ ಬ್ರಶ್ಶಿನಲ್ಲಿ ಉಜ್ಜುತ್ತ ಹೋದೆ,
ಮೂರರ ಮೇಲೆ ಪಂಚಿನ ಚುಕ್ಕಿ ಕಂಡಿತು.
ನನ್ನದೇ ಚುಕ್ಕಿ.
ಫ್ಯಾಕ್ಟರಿಯ ಕಾಲದಲ್ಲಿ ಒಂದು ಟನ್ನಿನ ಗಾಡಿಗೆ
ಎರಡು ಟನ್ನು ಹೊರಿಸಲು ಹಾಕಿದ್ದು,
ಆಗ ಕೈತುಂಬ ಕೊಟ್ಟಿದ್ದರು.
ಆ ನಾಲ್ಕು ಬೆರಳು ಗಾಳಿ
ಮಾಡಿದವ ನಾನೇ.

ಹೇಳಲಿಲ್ಲ.
ಮೂರೂ ತೆಗೆದೆ. ಉಳಿದ ಏಳಕ್ಕೆ ಗ್ರೀಸು ಹಚ್ಚಿ
ಹೊಸ ಸೆಂಟರ್ ಬೋಲ್ಟು ಬಿಗಿದೆ,
ಬಂಪ್ ರಬ್ಬರನ್ನು ಅರ್ಧಕ್ಕೆ ಕೊಯ್ದೆ.
ಮಜೂರಿ ಅರ್ಧ ಹೇಳಿದೆ.
ಅದಕ್ಕೂ ಚೌಕಾಸಿ ಮಾಡಿದಳು,
ಕಿವಿರು ಎತ್ತಿ ನೋಡುವ ಗಿರಾಕಿಯ ಹಾಗೆ
ವೆಲ್ಡಿಂಗ್ ಬಗ್ಗಿ ನೋಡಿ.

ಮೂವತ್ತು ಬುಟ್ಟಿಗಿಂತ ಮೇಲೆ ಹೇರಬೇಡ, ಅಂದೆ.
'ಮೂವತ್ತು?' ಈಗ ನಕ್ಕಳು. 'ಸಮುದ್ರಕ್ಕೆ ಹೇಳು.
ಹನ್ನೆರಡು ತುಂಬಿದ ದಿನ ನಾನು
ನಿಂಗೆ ಇಸೋಣ ತಂದು ಕೊಡ್ತೆ.'
ಬಿಚ್ಚಿದ್ದರಲ್ಲಿ ಒಂದು ಬ್ಲೇಡು ಕೇಳಿ ಇಸಕೊಂಡಳು.
ಅವರ್ಸೆಯ ಆಚಾರಿಗೆ ಕೊಟ್ಟು
ಮೆಟ್ಟುಗತ್ತಿ ಬಡಿಸುತ್ತಾಳಂತೆ,
ಹಳೇ ಕಮಾನಿನಷ್ಟು ಹರಿತ ಹೊಸ ಕಬ್ಬಿಣಕ್ಕಿಲ್ಲವಂತೆ.

ದಿಮ್ಮಿ ಎಳೆದೆವು. ಗಾಡಿ ಉಸಿರು ಬಿಟ್ಟು ಕೂತಿತು.
ಅವಳು ಬುಟ್ಟಿಗೆ ನಮ್ಮ ಮೂರು ಸ್ಪ್ಯಾನರು, ಸುತ್ತಿಗೆ, ಎರಡು ಇಟ್ಟಿಗೆ
ತಾನೇ ತುಂಬಿಕೊಂಡು ಎತ್ತಿದಳು.
ಸೊಂಟ. ಸೊಂಟದಿಂದ ಸ್ವಲ್ಪ.
ಟಪ್.
ಹಲಗೆಯ ಮೇಲೆ.
ಮತ್ತೆ ಇಳಿಸಿದಳು, ಮತ್ತೆ ಇಟ್ಟಳು.
ಮೂರನೇ ಸಲ ಯಾಕೆ ಅಂತ ಮಿಂಗೆಲ್ ಕೇಳಬೇಕೆಂದಿದ್ದ,
ನಾನು ಕಣ್ಣಲ್ಲೇ ಗದರಿದೆ.

ಹೊರಟಳು.
ಶೆಡ್ಡಿನ ಬಾಯಲ್ಲಿ ಗಟಾರಕ್ಕೆ ಹಾಸಿದ ಕಲ್ಲಿಗೆ
ಸೈಲೆನ್ಸರು ಕರ್ರ್ ಅಂತ ತಾಗಿತು.
ನಿಲ್ಲಿಸಲಿಲ್ಲ. ಕಿಟಕಿಯಿಂದ ಒಂದು ಕೈ, ಎಡದ್ದು,
ಬೀಸಿ ಹೋಯಿತು.

ಬಗ್ಗಿ ನೋಡಿದೆ. ಕಲ್ಲಿನ ಮೇಲೆ ಬಿಳೀ ಗೀರು.
ನಾಳೆ ಹಾರೆ ತಾ, ಅಂದೆ ಮಿಂಗೆಲ್‌ಗೆ.
ಇದನ್ನೂ ಇಳಿಸಬೇಕು.