ಯಥಾವತ್ತು

ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತು ಬರೆದೆ.
ವೇದಿಕೆಯ ಎಡಕ್ಕೆ, ಮೈಕಿನ ಪೆಟ್ಟಿಗೆಯ ಪಕ್ಕ
ಪೊಲೀಸ್ ಇಲಾಖೆಯ ಮಡಚುಕುರ್ಚಿ,
ಎರಡು ಪೆನ್ಸಿಲು, ಸೊಂಟದಲ್ಲಿ ಸಿಕ್ಕಿಸಿದ ಅರ್ಧ ಬ್ಲೇಡು.
ಚಿಂತಾಮಣಿಯಲ್ಲಿ ಯಾರು ಏನು ಕೂಗಿದರೂ
ಮರುದಿನ ಹನ್ನೊಂದಕ್ಕೆ ಟೈಪಾಗಿ
ಸಾಹೇಬರ ಮೇಜಿನ ಮೇಲಿರಬೇಕು,
ಯಥಾವತ್ತು.

ಶೀಘ್ರಲಿಪಿಗೆ ಸ್ವರಗಳ ಹಂಗಿಲ್ಲ.
ಗೆರೆ ತೆಳುವಾದರೆ ಕ, ಒತ್ತಿದರೆ ಗ.
ಬಡವ, ಬಿಡುವು: ಎರಡಕ್ಕೂ ಒಂದೇ ಎಲುಬು,
ಸಂದರ್ಭ ನೋಡಿ ಮಾಂಸ ತುಂಬಬೇಕು.
ಚಪ್ಪಾಳೆಗೆ ಒಂದು ಚುಕ್ಕಿ, ಗಲಾಟೆಗೆ ಸುಳಿ.
ಗಂಟಲು ಹರಿಯುವಂತೆ ಕೂಗುವವರು ಸುಲಭ,
ಉಸಿರಿಗಾದರೂ ನಿಲ್ಲುತ್ತಾರೆ.
ಮೆಲ್ಲಗೆ ಆಡುವವರೇ ಕೈ ನೋಯಿಸಿದವರು.
ನಮ್ಮ ಕಡೆ ಇನ್ನೊಂದು ಪಾಡು:
ಎದುರಾಳಿಯನ್ನು ಬೈಯುವುದು ಕನ್ನಡದಲ್ಲಿ,
ಓಟು ಬೇಡುವುದು ತೆಲುಗಿನಲ್ಲಿ;
ನಡುವೆ ನನ್ನ ಪೆನ್ಸಿಲಿನ ಮೊನೆ ಮುರಿಯುವುದು.

ಒಬ್ಬನೇ ಒಬ್ಬ ಸುಸ್ತು ಮಾಡಲಿಲ್ಲ.
ಪಕ್ಷೇತರ ಗಂಗುಲಪ್ಪ, ಟೈಲರು, ಗುರುತು ಕತ್ತರಿ.
"ನನಗೆ ಮಾತು ಬರಲ್ಲ, ಅಳತೆ ಬರತ್ತೆ"
ಎಂದವನೇ ಮೈಕು ಬಿಟ್ಟು ಕೆಳಗಿಳಿದ.
ಇನ್ನೂರ ಆರು ಓಟು ಬಿತ್ತು.
ಅದರಲ್ಲಿ ಒಂದು ಯಾರದೆಂದು
ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಬಂತು,
ಹಿಂದೆಯೇ ಓದುವ ಚಟ.
ಹೋದ ತಿಂಗಳು ಕೆರೆಗಳ ಮೇಲೊಂದು ಪುಸ್ತಕ,
ಯಾರೋ ಇಂಜಿನಿಯರು ಬರೆದದ್ದು,
ತೂಬು, ಕೋಡಿ, ಏರಿಯ ಉದ್ದ, ಹೂಳಿನ ಆಳ,
ಎಲ್ಲೂ ಒಂದು ಉದ್ಗಾರವಿಲ್ಲ. ಎರಡು ಸಲ ಓದಿದೆ.
ಆಮೇಲೆ, ಸಮುದ್ರವನ್ನೇ ಕಾಣದ ನಾನು
ಹಡಗಿನ ಅಡುಗೆಯವನೊಬ್ಬನ ಕತೆಗೆ
ಅನ್ನ ಸೀಯುವವರೆಗೂ ಅತ್ತೆ.
ಈ ವಾರ ಮಾಜಿ ಮಂತ್ರಿಯೊಬ್ಬರ ಆತ್ಮಕಥೆ,
ನಾನೂರು ಪುಟ, ಅದಕ್ಕೆ ತಕ್ಕ ಫೋಟೋ.

ಪುಟ ಇನ್ನೂರ ಹದಿನೇಳು:
"ಅಂದು ಮಾರ್ಚಿಯ ಸಂಜೆ, ಚಿಂತಾಮಣಿಯಲ್ಲಿ,
ಸುರಿವ ಮಳೆಗೂ ಕದಲದೆ ನಿಂತ ಜನಸ್ತೋಮಕ್ಕೆ
ನಾನು ಮಾತು ಕೊಟ್ಟೆ: ನೀರು ತರದೆ
ಈ ಊರಿನ ಹೊಸ್ತಿಲು ತುಳಿಯುವುದಿಲ್ಲ."

ಮಳೆಯೇ! ಮಾರ್ಚಿಯಲ್ಲೇ!
ನಾನಿದ್ದೆ, ಸ್ವಾಮಿ.
ಕಾಲಡಿ ಕಡಲೆಕಾಯಿ ಸಿಪ್ಪೆ ಚಟಚಟ ಅನ್ನುತ್ತಿತ್ತು.
ಹನ್ನೊಂದು ನಿಮಿಷ ಕರೆಂಟು ಹೋಗಿತ್ತು,
ಡೀಸೆಲ್ ತರಹೋದ ಹುಡುಗ ಬರಲೇ ಇಲ್ಲ.
ಆ ಕತ್ತಲಲ್ಲಿ ಹಿಂದಿನಿಂದ ಒಬ್ಬ ಮುದುಕಿ,
"ನೀಳ್ಳು ಎಪ್ಪುಡಿಸ್ತಾವು ನಾಯನಾ?"
ಮಗನನ್ನು ಕೇಳುವಂತೆಯೇ ಕೇಳಿದಳು.
ನೀವು ಕೈಗಡಿಯಾರ ನೋಡಿಕೊಂಡಿರಿ.
"ಪರಿಶೀಲಿಸೋಣ" ಅಂದಿರಿ.
ಬರೆದುಕೊಂಡೆ.
ಆ ಪದಕ್ಕೆ ಒಂದೇ ಒಂದು ಗೆರೆಯನ್ನೂ ಒತ್ತಬೇಕಿಲ್ಲ,
ಅಷ್ಟೂ ತೆಳು.

ನೋಟ್‌ಬುಕ್ಕು ಈಗ ಇಲ್ಲ.
ಐದು ವರ್ಷ ದಾಟಿದ್ದನ್ನು ಠಾಣೆಯ ಹಿತ್ತಲಲ್ಲಿ ಸುಡುತ್ತಿದ್ದರು.
ಮುದುಕಿಯೂ ಇರಲಾರಳು.
ಇರುವುದು ಗಟ್ಟಿ ರಟ್ಟಿನ ಈ ಪುಟ ಮಾತ್ರ.

ಕೋಪ ಬಂತು. ರಾತ್ರಿಯಿಡೀ ಇತ್ತು.
ಬೆಳಗಿನ ಜಾವ ನೆನಪಾಯಿತು:
ಟೈಪು ಮಾಡಿದ ಹಾಳೆಯಲ್ಲೂ ಅವಳಿರಲಿಲ್ಲ.
"ಅದು ಭಾಷಣ ಅಲ್ಲಮ್ಮ, ಬಿಡಿ" ಅಂದಿದ್ದರು ಸಾಹೇಬರು.
ಬಿಟ್ಟೆ. ಕೆಳಗೆ
ಯಥಾವತ್ತು ಎಂದು ಟೈಪಿಸಿ
ಸಹಿ ಹಾಕಿದೆ, ದಿನಾಂಕ ಸಮೇತ.

ಪೆನ್ಸಿಲು ಕೆತ್ತಿ, ಪುಸ್ತಕದ ಅಂಚಿನಲ್ಲಿ
ಅವಳ ನಾಲ್ಕು ಮಾತು ಶೀಘ್ರಲಿಪಿಯಲ್ಲಿ ಬರೆದೆ.
ಈ ಸಲ ಸ್ವರಗಳನ್ನೂ ಇಟ್ಟೆ.

ಗ್ರಂಥಾಲಯದಲ್ಲಿ ಮುನಿಚೌಡಪ್ಪ ಪುಟ ತಿರುವಿ,
"ಯಾವ ಮಗು ಗೀಚ್ತೋ ಏನೋ ಮೇಡಂ" ಎಂದು
ಡ್ರಾಯರಿನಲ್ಲಿ ರಬ್ಬರು ಹುಡುಕಿದ.
ಗೋಂದು ಸಿಕ್ಕಿತು, ದಾರದುಂಡೆ ಸಿಕ್ಕಿತು.
ಕೊನೆಗೆ ಸೀಲು ಒತ್ತಿ ಕಪಾಟಿಗೆ ಸೇರಿಸಿದ.
ನಾನು ಬಾಯಿ ಬಿಡಲಿಲ್ಲ.
ಕೆರೆಗಳ ಮೇಲೆ ಇನ್ನೊಂದೇನಾದರೂ ಇದೆಯೇ
ಎಂದಷ್ಟೇ ಕೇಳಿದೆ.