ವಯಸ್ಸಿನ ಕಾಲಂ

ಪುಂತಾ ಅರೇನಾಸಿನಲ್ಲಿ ಗಾಳಿಗೆ ಭಾನುವಾರವಿಲ್ಲ.
ಪುರಸಭೆಯ ಎರಡನೇ ಮಹಡಿ, ಹೀಟರಿನ ಪಕ್ಕ ನನ್ನ ಮೇಜು.
ಸ್ಮಶಾನದ ದಫ್ತರವೆಲ್ಲ ಈಗ ಡೇಟಾಬೇಸಿನಲ್ಲಿದೆ;
ಕೇಳಿದರೆ ಸಾಲು ಸಾಲಾಗಿ ಬರುತ್ತದೆ.
ಬಂದದ್ದನ್ನು ಯಾವ ಪಾತ್ರೆಯಲ್ಲಿ ಹಿಡಿಯಬೇಕು,
ಅಷ್ಟನ್ನು ಗೊತ್ತುಮಾಡುವುದು ನನ್ನ ಕೆಲಸ.

ಹೆಸರಿಗೆ ಸ್ಟ್ರಿಂಗ್. ಕ್ರೊಯೇಷಿಯದಿಂದ ಬಂದ ಅಜ್ಜಂದಿರ
ಅಕ್ಷರಗಳ ನೆತ್ತಿಯ ಕೊಕ್ಕೆ ಉದುರದಿದ್ದರೆ ಸಾಕು,
ನನ್ನ ಮನೆತನದ ಹೆಸರಿಗೂ ಒಂದಿದೆ.
ಗೂಡಿನ ನಂಬರಿಗೆ ಇಂಟ್ ಅಂದೆ.
೦೦೪೭ ಬರೀ ನಲವತ್ತೇಳಾಗಿ ಬಂತು.
"ಆ ಎರಡು ಸೊನ್ನೆ ಅಂದರೆ ಹಳೇ ಗೋಡೆ, ಯಾಸ್ನಾ,
ಜಲಸಂಧಿಯ ಕಡೆಯದು," ಅಂದರು ದಾನ್ ಅಬೆಲಾರ್ದೊ,
ಮೂವತ್ತೊಂದು ವರ್ಷ ಅದರ ಬುಡ ಗುಡಿಸಿದವರು.
ಸರಿ. ಕೂಡಲಾಗದ್ದು, ಕಳೆಯಲಾಗದ್ದು
ಅಂಕಿಯ ವೇಷದ ಹೆಸರು; ಅದಕ್ಕೂ ಸ್ಟ್ರಿಂಗ್.
ಬಾಕಿಗೆ ಯೋಚನೆಯಿಲ್ಲ, ನಮ್ಮ ಪೆಸೊಗೆ ಚಿಲ್ಲರೆಯೇ ಇಲ್ಲ.
ವಯಸ್ಸಿಗೆ? ಇಂಟ್ ಧಾರಾಳ.
ಮನುಷ್ಯನ ಆಯುಸ್ಸು ಒಂದೇ ಬೈಟಿನಲ್ಲಿ ಹಿಡಿಸಿ
ಇನ್ನೂ ಜಾಗ ಉಳಿಯುತ್ತದೆ.

ನವೆಂಬರ್ ಒಂದಕ್ಕೆ, ಪುರಸಭೆಯ ಖರ್ಚಿನಲ್ಲಿ,
ವರ್ಷ ತುಂಬದ ಕೂಸುಗಳ ಗೂಡಿಗೆಲ್ಲ ಒಂದೊಂದು ಗಿರಿಗಿಟ್ಲೆ.
ಪಟ್ಟಿ ತೆಗೆದೆ: ವಯಸ್ಸು ಸೊನ್ನೆ, ಇನ್ನೂರ ಹನ್ನೆರಡು.
ದಾನ್ ಅಬೆಲಾರ್ದೊ ಚೀಲ ಹೊತ್ತು ಹೋದರು.

ಸಂಜೆ ಬಂದವರು ಟೋಪಿ ತೆಗೆಯದೆ ಕೂತರು.
"ಒಂದು ಕೇಳಲಾ? ಎಂಬತ್ತೆಂಟರ ಚಳಿಗಾಲ
ದೀಪಸ್ತಂಭದ ಕೆಳಗೆ ಒಬ್ಬ ತೇಲಿಬಂದಿದ್ದ.
ಗುರುತು ಹೇಳುವವರಿಲ್ಲ, ಎನ್. ಎನ್. ಅಂತ ಬರೆದೆವು.
ಇಲ್ಲೀತನಕ ಗಡ್ಡ. ಬೂಟು ನಾನೇ ಬಿಚ್ಚಿದ್ದು.
ನಿನ್ನ ಪಟ್ಟಿಯಲ್ಲಿ ಅವನು ಎಳೆಗೂಸು."

ತೆರೆದು ನೋಡಿದೆ. ವಯಸ್ಸಿನ ಮನೆ ಖಾಲಿ.
ಖಾಲಿ ಬಂದರೆ ಇಂಟಿಗೆ ಹೇಳಲು ಬಾಯಿಲ್ಲ,
ಸೊನ್ನೆ ಅಂದುಬಿಡುತ್ತದೆ, ಕಣ್ಣು ಕೂಡ ಮಿಟುಕಿಸದೆ.
ಆದರೆ ಸೊನ್ನೆ ಒಂದು ವಯಸ್ಸು:
ಮೂರು ದಿನ, ಹನ್ನೊಂದು ವಾರ, ಹಾಲು ಕಕ್ಕಿದ ಅಂಗಿ.
ನಲ್ ಅಂದರೆ ಇಲ್ಲ ಅಂತಲೂ ಅಲ್ಲ,
ಗೊತ್ತಿಲ್ಲ.

ಖಾಲಿಯನ್ನೂ ಹಿಡಿಯಬಲ್ಲ ಇಂಟಿಗೆ ಬದಲಾಯಿಸಿದೆ.
ಸೇರಿಸಿದ್ದು ಒಂದೇ ಚಿಹ್ನೆ, ಇಂಟಿನ ಬೆನ್ನಿಗೊಂದು ಪ್ರಶ್ನಾರ್ಥಕ.
ಪಟ್ಟಿ ನೂರ ಎಪ್ಪತ್ತೊಂದಕ್ಕೆ ಇಳಿಯಿತು.
ಹೆಚ್ಚಾದ ನಲವತ್ತೊಂದು ಗಿರಿಗಿಟ್ಲೆ ಕಿತ್ತು ತರಬೇಕು,
ಉಗ್ರಾಣಕ್ಕೆ ಲೆಕ್ಕ ಕೊಡಬೇಕು.

ಮರುದಿನ ಚೀಲವನ್ನು ಮೇಜಿನ ಮೇಲೆ ಸುರಿದರು.
ಎಣಿಸಿದೆ. ನಲವತ್ತು.
ಇನ್ನೊಮ್ಮೆ ಎಣಿಸಿದೆ.
ಅವರು ಕಿಟಕಿಯಾಚೆ ಗಾಳಿ ನೋಡುತ್ತಿದ್ದರು.
ರಸೀದಿಯಲ್ಲಿ ‘ವಾಪಸಾದದ್ದು’ ಎಂಬ ಮನೆ ಇತ್ತು.
ಅದನ್ನು ಖಾಲಿ ಬಿಟ್ಟು
ಸಹಿ ಹಾಕಿದೆ.