ಕಲ್ಲಿನ ಕಿವಿ

ಬೆಟಗೇರಿಯ ನಮ್ಮ ಓಣಿಯಾಗ
ಕಡೀ ಮಗ್ಗ ನಿಂತಾಗ ರಾತ್ರಿ ಹನ್ನೊಂದು.
ಶಾಕಂಬರಿ ಕರದಳು: ಅತ್ತಿ, ಬಾ ಇಲ್ಲಿ,
ಇದರಾಗ ಯಾವುದು ಸರದೈತಿ ಹೇಳು.

ಸಾಲಿಯಿಂದ ತಂದ ಕಂಪ್ಯೂಟರಿನಾಗ
ನಾಲ್ಕು ಫೋಟೋ, ಒಂದರ ಹಿಂದೊಂದು.
ಯಾವುದೋ ದ್ವೀಪದ ಗುಡ್ಡದ ಮ್ಯಾಲಿನ ದುರ್ಬೀನು
ಹದಿನೈದು ನಿಮಿಷಕ್ಕೊಮ್ಮೆ ತಗದದ್ದಂತ.
ಬೂದಿಯಾಗ ರವೆ ಚೆಲ್ಲಿದಂಗ ಚಿಕ್ಕಿ.
ನನಗ ಚಿಕ್ಕಿ ಗೊತ್ತಿಲ್ಲ, ಎಳಿ ಗೊತ್ತು.
ಎರಡು ಸಾವಿರ ಎಳಿಯಾಗ ಒಂದು ಹರದ್ರ
ಕಣ್ಣಿಗಿಂತ ಮೊದಲು ಬೆರಳಿಗೆ ತಿಳೀತದ.
ಇದು, ಅಂದೆ.
ಹೌದು, ನಾನೂ ನಿನ್ನೆ ಇದನ್ನ ಕಂಡೆ,
ಖಾತ್ರಿ ಮಾಡಿಕೊಳ್ಳಾಕ ನಿನ್ನ ಕರದೆ, ಅಂದಳು.

ಮಂಗಳನ ಆಚಿ, ಗುರುವಿನ ಈಚಿ
ಕಲ್ಲುಗಳದs ಒಂದು ಓಣಿ ಐತಂತ.
ಅಲ್ಲಿದು ಇದು. ಕಪ್ಪತಗುಡ್ಡದ ಒಂದು ಮಗ್ಗಲು
ಕಡಕೊಂಡು ಹೋದಷ್ಟು.
ನಾಲ್ಕೂವರಿ ವರ್ಷಕ್ಕೊಂದು ಸುತ್ತು,
ಯಾರೂ ಕರೀದಿದ್ದರೂ ತಿರಗಕೋತ.

ಮುಂದ ಕಾಗದ ಬಂತು. ಹೆಸರಲ್ಲ,
ಒಂದು ಇಸವಿ, ಎರಡಕ್ಷರ, ಒಂದು ಅಂಕಿ,
ದವಾಖಾನಿಯಾಗ ಕೂಸಿನ ಕೈಗೆ ಕಟ್ಟೂ ಚೀಟಿಯಂಗ.
ಹಾದಿ ಪಕ್ಕಾ ಆಗಾಕ ಆರೇಳು ವರ್ಷ ಬೇಕು,
ಆಮ್ಯಾಲೆ ಹೆಸರು, ಕಂಡಾಕಿ ಸೂಚಿಸಿದ್ದು.
ಇಂಗ್ಲೀಷಿನಾಗ ಹದಿನಾರು ಅಕ್ಷರ ಮೀರಬಾರದು.
ಸಾಕಿದ ನಾಯಿ ಬೆಕ್ಕಿಂದು ಬ್ಯಾಡ.
ರಾಜಕಾರಣಿ ಆದ್ರ ಸತ್ತು ನೂರು ವರ್ಷ ಆಗಿರಬೇಕು,
ಇದನ್ನ ಕೇಳಿ ಹೆಡ್‌ಮಾಸ್ತರ ಮುಖ ಸಣ್ಣದಾತು.
ಅಂಗಡಿ ಹೆಸರೂ ನಡಿಯೂದಿಲ್ಲ.
ನಮ್ಮಣ್ಣ ಮಾತ್ರ ಬೆರಳು ಎಣಿಸಕೋತ ಕುಂತಿದ್ದ:
ಯಂಕೋಸಾ ಸ್ಯಾರಿ ಸೆಂಟರ್, ಎಷ್ಟಕ್ಷರ ಆಗ್ತದ?

ಅತ್ತಿ, ಹೆಸರು ನೀನs ಇಡು.

ಈಕಿ ಹುಟ್ಟಿದ ವರ್ಷನs
ನನ್ನ ಕುಂಕುಮ ಅಳಿಸಿದ್ದು.
ತೊಟ್ಟಿಲದ ದಿನ ಪಡಸಾಲಿ ತುಂಬ ಹಾಡು, ಗುಗ್ಗರಿ ವಾಸನಿ.
ನಾನು ಹಿಂದಿನ ಕೋಣಿಯಾಗ
ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು
ಕಂಡಿಕಿ ಸುತ್ತಕೋತ ಕೇಳಿದೆ,
ಯಾರೋ ದೂರದ ಬೀಗತಿ ಕೂಸಿನ ಕಿವಿಯಾಗ
ಕುರ್ರ್ ಅಂದದ್ದು,
ಹೆಂಗಸರು ನಕ್ಕೋತ ಆಕಿ ಬೆನ್ನು ಗುದ್ದಿದ ಸಪ್ಪಳ.
ಸ್ವಾದರತ್ತಿ ಅಂದ್ರ ನಾನೊಬ್ಬಾಕಿನs ಇದ್ದೆ ಆ ಮನಿಗೆ.

ಇದನ್ನ ಈಕಿಗೆ ಯಾರು ಹೇಳಿದರೋ.
ನಾನಂತೂ ಅಲ್ಲ.

ಪರದೆಯ ಹಂತೇಕ ಬಾಗಿದೆ. ಎಲ್ಲೈತಿ ಇದರ ಕಿವಿ?
ಅಲ್ಲಿ ಗಾಳಿ ಇಲ್ಲ, ದನಿ ಮುಟ್ಟೂದಿಲ್ಲ,
ಹಂಗಂತ ಆಕಿನs ಹೇಳಿದ್ದಳು.
ಆದರೂ ಬಾಯಿಗೆ ಕೈ ಅಡ್ಡ ಹಿಡದು
ಕುರ್ರ್ ಅಂದೆ.
ಹೆಸರು ಹೇಳಿದೆ.
ಗುದ್ದಿದಳು ನೋಡ್ರಿ, ಒಂದಲ್ಲ, ಐದು,
ಅದೂ ಮೆಲ್ಲಕ ಅಲ್ಲ.

ಏನು ಹೆಸರು ಅಂತ ಕೇಳಬ್ಯಾಡ್ರಿ,
ಹಾದಿ ಪಕ್ಕಾ ಆಗೂತನಕ ಅದು ಅದರ ಕಿವಿಯಾಗs ಇರಲಿ.
ಮರುದಿನ ಲಾಳಿ ಒಗಿಯೂ ಮುಂದ
ಬೆನ್ನು ನೋಯತಿತ್ತು.
ಎಣ್ಣಿ ಹಚ್ಚಲಿಲ್ಲ.